ಮೇ ತಿಂಗಳಲ್ಲಿ ಬಳ್ಳಾರಿಯಲ್ಲಿ ಸರಿಯಾಗಿ 12ಕ್ಕೆ ಕೋಲು ನಿಲ್ಲಿಸಿದರೂ ನೆರಳು ಮಾಯವಾಗಲಿಲ್ಲ, ಯಾಕೆ?

ದಿನ ತಪ್ಪಿರಬೇಕು, ಇಲ್ಲವೇ ಹೊತ್ತು. ಬಳ್ಳಾರಿ ಇರುವುದು ಸುಮಾರು 15.1 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಸೂರ್ಯ ಅಷ್ಟೇ ಉತ್ತರಕ್ಕೆ ಸರಿದಾಗ ಮಾತ್ರ ಸರಿಯಾಗಿ ನೆತ್ತಿಗೆ ಬಂದು ನೆರಳು ಮಾಯವಾಗುತ್ತದೆ: ಮೇ 1 ಮತ್ತು ಆಗಸ್ಟ್ 11ರ ಆಸುಪಾಸು. ರಾಯಚೂರಿಗಾದರೆ ಮೇ 5ರ ಸುಮಾರು. ಆಗಸ್ಟಿನಲ್ಲಿ ಮೋಡದ ಕಾಟ, ಮೇ ತಿಂಗಳನ್ನೇ ನಂಬಿ.

ಇನ್ನು ಗಡಿಯಾರ. ಭಾರತದ ಸಮಯ 82.5 ಡಿಗ್ರಿ ರೇಖಾಂಶದ್ದು, ಬಳ್ಳಾರಿ 76.9ರಲ್ಲಿದೆ. ಡಿಗ್ರಿಗೆ 4 ನಿಮಿಷದಂತೆ ಇಲ್ಲಿ ಸೂರ್ಯ ನೆತ್ತಿಗೆ ಬರುವುದು 22 ನಿಮಿಷ ತಡ. ಭೂಮಿಯ ಅಕ್ಷದ ವಾಲು, ಕಕ್ಷೆಯ ಆಕಾರ ಸೇರಿ ಮೇ ಆರಂಭದಲ್ಲಿ ಈ ತಡದಿಂದ 3 ನಿಮಿಷ ಕಳೆಯುತ್ತವೆ. ಹಾಗಾಗಿ 12.19ಕ್ಕೆ ನೋಡಿ. 12ಕ್ಕೆ ನೋಡಿದರೆ 1 ಮೀಟರ್ ಕೋಲಿನ ನೆರಳು ಇನ್ನೂ 8 ಸೆಂ.ಮೀ. ಪಶ್ಚಿಮಕ್ಕೆ ಚಾಚಿರುತ್ತದೆ.

ಕೋಲನ್ನು ಗಾರೆಯವರ ತೂಕದ ಗುಂಡು ಇಳಿಬಿಟ್ಟು ನೆಟ್ಟಗೆ ನಿಲ್ಲಿಸಿ. ಒಂದು ಡಿಗ್ರಿ ವಾಲಿದರೂ 1.7 ಸೆಂ.ಮೀ. ನೆರಳು ಉಳಿಯುತ್ತದೆ.