ಮಂಡಿ ಹಾಕುವಾಗ ಚಿಪ್ಪು ಜಾರಿತು; ಮತ್ತೆ ಗೆಜ್ಜೆ ಕಟ್ಟಬಹುದೇ?

ಪ್ರಶ್ನೆ: ನನ್ನ 17 ವರ್ಷದ ಮಗಳು ಬಡಗುತಿಟ್ಟಿನ ಯಕ್ಷಗಾನ ಕಲಿಯುತ್ತಿದ್ದಾಳೆ. ಎರಡು ತಿಂಗಳ ಹಿಂದೆ ಮಂಡಿ ಹಾಕಿ (ನೆಲಕ್ಕೆ ಮಂಡಿಯೂರಿ) ತಿರುಗುವಾಗ ಬಲಗಾಲಿನ ಮಂಡಿಚಿಪ್ಪು ಹೊರಬದಿಗೆ ಜಾರಿ, ಕಾಲು ನೀಡಿದಾಗ ತಾನಾಗಿಯೇ ಒಳಗೆ ಬಂತು. ಒಂದೇ ಗಂಟೆಯಲ್ಲಿ ಮಂಡಿ ಊದಿಕೊಂಡಿತ್ತು. ಎಕ್ಸ್‌ರೇಯಲ್ಲಿ ಮೂಳೆ ಮುರಿದಿಲ್ಲ. ಈಗ ಊತ ಇಳಿದಿದ್ದರೂ ಮೆಟ್ಟಿಲಿಳಿಯುವಾಗ ಮತ್ತು ಮಂಗಳೂರಿನವರೆಗೆ ಬಸ್ಸಿನಲ್ಲಿ ಕುಳಿತಾಗ ನೋವಾಗುತ್ತದೆ. ಶಸ್ತ್ರಚಿಕಿತ್ಸೆ ಅನಿವಾರ್ಯವೇ?
— ಓರ್ವ ತಾಯಿ, ಉಡುಪಿ

ಉತ್ತರ: ಮೊದಲ ಬಾರಿ ಚಿಪ್ಪು ಜಾರಿದವರಲ್ಲಿ ಹೆಚ್ಚಿನವರಿಗೆ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ. ಆದರೆ ಹಾಗೆಂದು ನಿರ್ಧರಿಸುವ ಮುನ್ನ ಒಂದು ಪರೀಕ್ಷೆ ಆಗಬೇಕು.

ಬಾವಿಯ ರಾಟೆಯ ಹಳ್ಳದಲ್ಲಿ ಹಗ್ಗ ಓಡುವಂತೆ, ಮಂಡಿಚಿಪ್ಪು ತೊಡೆಮೂಳೆಯ ತುದಿಯಲ್ಲಿರುವ ಹಳ್ಳದಲ್ಲಿ ಮೇಲೆ ಕೆಳಗೆ ಸರಿಯುತ್ತದೆ. ಹಳ್ಳ ಆಳವಿಲ್ಲದಿದ್ದರೆ ಅಥವಾ ಎಳೆತ ಓರೆಯಾದರೆ ಅದು ಹೊರಬದಿಗೆ ತಪ್ಪುತ್ತದೆ. ಹಾಗೆ ತಪ್ಪುವಾಗ ಚಿಪ್ಪನ್ನು ಒಳಬದಿಯಿಂದ ಹಿಡಿದಿರುವ ಅಸ್ಥಿರಜ್ಜು ಬಹುತೇಕ ಹರಿದಿರುತ್ತದೆ. ಕೆಲವೊಮ್ಮೆ ಮೃದ್ವಸ್ಥಿಯ ಚೂರೂ ಕಿತ್ತು ಬಂದಿರುತ್ತದೆ. ಒಂದು ಗಂಟೆಯೊಳಗೆ ಬಂದ ಊತವು ಕೀಲಿನೊಳಗೆ ರಕ್ತ ಸೇರಿದ್ದರ ಸೂಚನೆ. ಬರೀ ಮೃದ್ವಸ್ಥಿಯ ಚೂರು ಎಕ್ಸ್‌ರೇಗೆ ಕಾಣುವುದಿಲ್ಲವಾದ್ದರಿಂದ ಎಂಆರ್‌ಐ ಮಾಡಿಸಿ. ಚೂರು ಸಡಿಲವಾಗಿ ಓಡಾಡುತ್ತಿದ್ದು ಮಂಡಿ ನಡುವೆ ಸಿಕ್ಕಿಹಾಕಿಕೊಳ್ಳುತ್ತಿದ್ದರೆ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ಮುಂದೆ ಮತ್ತೆ ಜಾರಿದರೂ ಅಷ್ಟೇ: ಆಗ ತೊಡೆಯ ಹಿಂಬದಿಯ ಸ್ನಾಯುರಜ್ಜುವೊಂದರಿಂದ ಒಳಬದಿಯ ಹಿಡಿತವನ್ನು ಹೊಸದಾಗಿ ಕಟ್ಟುತ್ತಾರೆ. ಹರೆಯದವರಲ್ಲಿ, ಅದರಲ್ಲೂ ಹಳ್ಳ ಆಳವಿಲ್ಲದವರಲ್ಲಿ, ಮರುಕಳಿಸುವ ಸಾಧ್ಯತೆ ಹೆಚ್ಚು.

ಈಗಿನ ನೋವು ಬೇರೆ ವಿಷಯ. ಎರಡು ತಿಂಗಳಿನಲ್ಲಿ ತೊಡೆಯ ಮುಂಭಾಗದ ಸ್ನಾಯು ಸೊರಗಿರುತ್ತದೆ (ಎರಡೂ ತೊಡೆಗಳ ಸುತ್ತಳತೆಯನ್ನು ಟೇಪು ಹಿಡಿದು ಅಳೆದರೆ ನಿಮಗೇ ತಿಳಿಯುತ್ತದೆ), ಹಾಗಾಗಿ ಮಡಚಿದ ಮಂಡಿಯ ಭಾರವೆಲ್ಲ ಚಿಪ್ಪಿನ ಹಿಂಬದಿಗೆ ಬೀಳುತ್ತದೆ. ಇದಕ್ಕೆ ವ್ಯಾಯಾಮವೇ ಮುಖ್ಯ ಚಿಕಿತ್ಸೆ. ಮಂಡಿಯ ಕೆಳಗೆ ಸುತ್ತಿದ ಬೈರಾಸು (ಟವೆಲ್) ಇಟ್ಟು 5 ಸೆಕೆಂಡು ಒತ್ತಿ ಹಿಡಿಯುವುದರಿಂದ ಆರಂಭಿಸಿ, ಮಗ್ಗುಲಾಗಿ ಮಲಗಿ ಕಾಲೆತ್ತುವುದಕ್ಕೆ, ಬಳಿಕ ಗಿಡ್ಡ ಮಣೆಯಿಂದ ಒಂದೇ ಕಾಲಿನ ಮೇಲೆ ನಿಧಾನವಾಗಿ ಇಳಿಯುವುದಕ್ಕೆ ಬರಬೇಕು. ಕೊನೆಯದನ್ನು ಕನ್ನಡಿಯ ಮುಂದೆ ಮಾಡಲಿ. ಮಂಡಿ ಒಳಕ್ಕೆ ವಾಲಿದರೆ ಸೊಂಟದ ಹೊರಬದಿಯ ಸ್ನಾಯು ಇನ್ನೂ ಬಲಿತಿಲ್ಲವೆಂದೇ ಅರ್ಥ. ಇದನ್ನು ಫಿಸಿಯೋಥೆರಪಿಸ್ಟರ ಕಣ್ಣಳತೆಯಲ್ಲಿ ಸುಮಾರು 12 ವಾರ ಬಿಡದೆ ನಡೆಸಬೇಕು. ಅಂಗಡಿಯ ನೀ ಕ್ಯಾಪ್ ಧೈರ್ಯ ಕೊಡುತ್ತದೆಯೇ ಹೊರತು ಸ್ನಾಯುವಿನ ಕೆಲಸವನ್ನು ಮಾಡುವುದಿಲ್ಲ. ಎಣ್ಣೆ ಹಚ್ಚುವುದಕ್ಕೆ ನನ್ನ ತಕರಾರಿಲ್ಲ, ಆದರೆ ಚಿಪ್ಪನ್ನು ಹಿಡಿದು ನೀವಿಸಬೇಡಿ.

ಯಕ್ಷಗಾನ ಬಿಡಬೇಕಾಗಿಲ್ಲ. ತಾಳ, ಅಭಿನಯ, ಅರ್ಥಗಾರಿಕೆಯ ಅಭ್ಯಾಸ ಈಗಲೇ ಮುಂದುವರಿಯಲಿ, ನಿಂತು ಹಾಕುವ ಹೆಜ್ಜೆಗಳು ನೋವು ತಗ್ಗಿದಂತೆ ಬರಲಿ. ಮಂಡಿ ಹಾಕುವಾಗ ಮಾತ್ರ ಪೂರ್ತಿ ಮಡಚಿದ ಕೀಲಿನ ಮೇಲೆ ದೇಹದ ಭಾರವೂ ತಿರುಚುವಿಕೆಯೂ ಒಟ್ಟಿಗೆ ಬೀಳುವುದರಿಂದ, ಮಣೆಯಿಂದ ಇಳಿಯುವಾಗ ಎರಡು ಕಾಲುಗಳಿಗೂ ವ್ಯತ್ಯಾಸ ಕಾಣದ ದಿನದವರೆಗೆ ಅದು ಬೇಡ. ಆ ಬಳಿಕವೂ ಮೊದಲು ದಪ್ಪ ಚಾಪೆಯ ಮೇಲೆ, ತಿರುಗದೆ.