ಕುದುರೆಗೇಕೆ ಕಬ್ಬಿಣದ ಗೂಡು?

ಪ್ರಶ್ನೆ: ಟಿವಿಯಲ್ಲಿ ರೇಸ್ ನೋಡುವಾಗ ಒಂದು ಅನುಮಾನ. ಓಟಕ್ಕೆ ಮುಂಚೆ ಕುದುರೆಗಳನ್ನು ಕಬ್ಬಿಣದ ಗೂಡಿಗೆ ತುಂಬುತ್ತಾರಲ್ಲ, ಗೆರೆ ಎಳೆದು ನಿಲ್ಲಿಸಿದರೆ ಸಾಲದೇ? ಗೂಡಿನ ನಂಬರೂ ಕುದುರೆಯ ನಂಬರೂ ಬೇರೆ ಇರುವುದೇಕೆ?
— ಓದುಗರೊಬ್ಬರು, ಬೇಲೂರು

ಉತ್ತರ: ಗೆರೆ ಎಳೆದು ನಿಲ್ಲಿಸುವ ಫಜೀತಿ ಏನೆಂದು ಅರಸೀಕೆರೆ ಕಡೆಯ ನಮ್ಮೂರಿನ ಎತ್ತಿನ ಗಾಡಿ ಓಟದಲ್ಲೇ ಕಂಡಿದ್ದೇನೆ. ಹುಡುಗನಾಗಿದ್ದಾಗ ಎತ್ತುಗಳ ಮೂಗುದಾರ ಹಿಡಿದು ನಿಲ್ಲುವ ಕೆಲಸ ನನ್ನದು. ಒಂದು ವರ್ಷ ಟವೆಲ್ ಬೀಸುವ ಮೊದಲೇ ನಮ್ಮ ಜೋಡಿ ಕಿತ್ತುಕೊಂಡು ಹೋಯಿತು. ಜೊತೆಗೆ ನನ್ನ ಅಂಗೈ ಚರ್ಮವೂ ಹೋಯಿತು. ಓಟ ಮುಗಿದದ್ದು ಒಂದೇ ನಿಮಿಷಕ್ಕೆ, ಜಗಳ ಸಂಜೆವರೆಗೆ.

ಕುದುರೆ ರೇಸಿನಲ್ಲೂ ಮೊದಲು ಬಾವುಟ, ಆಮೇಲೆ ಅಡ್ಡ ಕಟ್ಟಿದ ಟೇಪು ಇತ್ತು. ಟೇಪು ಮೇಲೆದ್ದಾಗ ಯಾವ ಕುದುರೆ ಹಿಂದೆ ತಿರುಗಿ ನಿಂತಿದೆಯೋ ಅದರ ಕಥೆ ಅಷ್ಟೇ. ಟೆಕ್ಸಾಸ್‌ನ ಕ್ಲೇ ಪ್ಯೂಯೆಟ್ ಮಾಡಿದ ಕರೆಂಟಿನ ಗೇಟು, ಅಂದರೆ ನೀವು ಕೇಳಿದ ಗೂಡು, 1939ರಲ್ಲಿ ಕೆನಡಾದಲ್ಲಿ ಬಳಕೆಗೆ ಬಂತು. ಇಂಗ್ಲೆಂಡಿನವರು 1965ರವರೆಗೆ ಕಾದರು. ಬೇಲಿ ಹಾರುವ ರೇಸುಗಳಿಗೆ ಅಲ್ಲಿ ಇಂದಿಗೂ ಟೇಪೇ. 1993ರಲ್ಲಿ ಗ್ರ್ಯಾಂಡ್ ನ್ಯಾಷನಲ್ ಎಂಬ ಅಂಥದ್ದೇ ಹೆಸರಾಂತ ರೇಸಿನಲ್ಲಿ ಆ ಟೇಪು ಒಬ್ಬ ಸವಾರನ ಕತ್ತಿಗೇ ಸುತ್ತಿಕೊಂಡು, ಕೊನೆಗೆ ರೇಸೇ ರದ್ದಾಯಿತು.

ನನಗೆ ಇಷ್ಟವಾದದ್ದು ಗೇಟಿನ ಒಳಗುಟ್ಟು. ಬಾಗಿಲು ತೆರೆಯುವುದು ಕರೆಂಟು ಕೊಟ್ಟಾಗ ಅಲ್ಲ, ತೆಗೆದಾಗ! ಮುಂದಿನ ಬಾಗಿಲುಗಳನ್ನು ವಿದ್ಯುತ್ ಅಯಸ್ಕಾಂತ ಕಚ್ಚಿ ಹಿಡಿದಿರುತ್ತದೆ. ಓಟ ಶುರು ಮಾಡಿಸುವ ಅಧಿಕಾರಿ (ಸ್ಟಾರ್ಟರ್) ಗುಂಡಿ ಒತ್ತಿದರೆ ಕರೆಂಟು ನಿಲ್ಲುತ್ತದೆ, ಸ್ಪ್ರಿಂಗುಗಳು ಎಲ್ಲ ಬಾಗಿಲನ್ನೂ ಒಟ್ಟಿಗೆ ಎಳೆದುಬಿಡುತ್ತವೆ. ಹೆದರಿದ ಕುದುರೆ ಎದೆ ಕೊಟ್ಟು ಜೋರಾಗಿ ಗುದ್ದಿದರೂ ಅಯಸ್ಕಾಂತ ಬಿಟ್ಟುಕೊಡುತ್ತದೆ. ಕಬ್ಬಿಣದ ಚಿಲಕವೇ ಇದ್ದಿದ್ದರೆ ಪಾಪ, ಅದರ ಗತಿ ಏನು?

ನಂಬರಿನ ವಿಷಯ ಸರಳ. ಬೆನ್ನ ಮೇಲಿನ ಬಟ್ಟೆಯಲ್ಲಿರುವುದು ರೇಸಿನ ಪಟ್ಟಿಯ ನಂಬರು. ಗೂಡಿನದು ಚೀಟಿ ಎತ್ತಿದ ಹಾಗೆ, ಅದೃಷ್ಟದಿಂದ ಬಂದದ್ದು. ತಿರುವಿರುವ ಟ್ರ್ಯಾಕಿನಲ್ಲಿ ಒಳಗಿನ ಗೂಡು ಸಿಕ್ಕರೆ ಸುತ್ತು ಕಡಿಮೆ, ಆದರೆ ಗುಂಪಿನಲ್ಲಿ ಸಿಕ್ಕಿಕೊಳ್ಳುವ ಭಯವೂ ಉಂಟು.

ಮುಂದಿನ ಸಲ ಗೂಡಿನ ಹಿಂದುಗಡೆ ನೋಡಿ. ಹಟ ಮಾಡುವ ಕುದುರೆಗೆ ಕಣ್ಣು ಮುಚ್ಚುವ ಬಟ್ಟೆ ಹಾಕಿ, ಇಬ್ಬರು ಕೈಗೆ ಕೈ ಬೆಸೆದು ಹಿಂದಿನಿಂದ ತಳ್ಳುತ್ತಾರೆ. ಎಮ್ಮೆಯನ್ನು ಸಂತೆಯ ಲಾರಿಗೆ ಹತ್ತಿಸುವಾಗ ನಮ್ಮಪ್ಪನೂ ಇದನ್ನೇ ಮಾಡುತ್ತಿದ್ದರು, ಬೈಗುಳ ಮಾತ್ರ ಸ್ವಲ್ಪ ಜಾಸ್ತಿ.