ಸವೆಯುತ್ತದೆ ಎಂದರೆ ಸಾಲದು

ಮಾನ್ಯರೇ,

ಸೋಮವಾರಪೇಟೆಯಿಂದ ನೀವು ಕಳುಹಿಸಿದ ‘ಸೋಡಿಯಂ ಬ್ಯಾಟರಿಗೆ ಮುಪ್ಪೇಕೆ?’ ಲೇಖನವನ್ನು ಎರಡು ಬಾರಿ ಓದಿದೆ. ಈಗಿನ ರೂಪದಲ್ಲಿ ನಮ್ಮ ವಿಜ್ಞಾನ ಪುಟದಲ್ಲಿ ಅದನ್ನು ಪ್ರಕಟಿಸಲಾಗುವುದಿಲ್ಲ. ಆದರೆ ಅದರೊಳಗೆ ಒಂದು ಒಳ್ಳೆಯ ಲೇಖನ ಅಡಗಿದೆ ಎಂದು ಅನ್ನಿಸಿದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಮೊದಲ ದೋಷ ಹೋಲಿಕೆಯದು. ತೂತುಬಿದ್ದ ತೊಟ್ಟಿಯಂತೆ ಬ್ಯಾಟರಿ ಸೋರುತ್ತದೆ ಎಂದಿದ್ದೀರಿ. ಬಳಸದೆ ಇಟ್ಟಾಗ ಚಾರ್ಜ್ ಇಳಿಯುವುದಕ್ಕೆ ಆ ಮಾತು ಸಲ್ಲುತ್ತದೆ, ಏಕೆಂದರೆ ಹಾಗೆ ಇಳಿದದ್ದನ್ನು ಬಹುಮಟ್ಟಿಗೆ ಮತ್ತೆ ತುಂಬಿಸಬಹುದು. ಧಾರಣಶಕ್ತಿ, ಅಂದರೆ ಬ್ಯಾಟರಿ ಹಿಡಿದಿಡಬಲ್ಲ ಒಟ್ಟು ಚಾರ್ಜ್, ಕುಂದುವುದೆಂದರೆ ತೊಟ್ಟಿಯೇ ಕಿರಿದಾಗುವುದು. ಹೂಳು ತುಂಬಿದ ಕೆರೆಯನ್ನು ಕಂಡವರಿಗೆ ಇದು ಒಂದೇ ಮಾತಿನಲ್ಲಿ ತಿಳಿಯುತ್ತದೆ.

‘ಕ್ಯಾಥೋಡ್ ಸವೆಯುತ್ತದೆ’ (ಕ್ಯಾಥೋಡ್ ಎಂದರೆ ಬ್ಯಾಟರಿಯ ಧನಧ್ರುವ) ಎಂಬ ವಾಕ್ಯ ಆರು ಕಡೆ ಬಂದಿದೆ, ಹೇಗೆ ಎಂಬುದು ಒಂದು ಕಡೆಯೂ ಬಂದಿಲ್ಲ. ಕ್ಯಾಥೋಡಿಗೆ ಬಳಸುವ ಪದರ ಆಕ್ಸೈಡ್, ಪ್ರಷ್ಯನ್ ನೀಲಿ ಎಂಬ ವರ್ಣದ್ರವ್ಯದ ಬಳಗ, ಫಾಸ್ಫೇಟ್ ಈ ಮೂರೂ ಕೆಡುವ ಬಗೆ ಬೇರೆಬೇರೆಯಾಗಿರುವುದರಿಂದ ಒಂದನ್ನೇ ಆರಿಸಿಕೊಳ್ಳಿ. ನಿಕಲ್ ಮತ್ತು ಮ್ಯಾಂಗನೀಸ್ ಇರುವ ಪದರ ಆಕ್ಸೈಡನ್ನು ಆರಿಸಿಕೊಂಡರೆ ಹೇಳುವುದಕ್ಕೆ ಬೇಕಾದಷ್ಟಿದೆ. ಅದರಲ್ಲಿ ಲೋಹ ಮತ್ತು ಆಮ್ಲಜನಕದ ಹಾಳೆಗಳ ನಡುವೆ ಸೋಡಿಯಂ ಅಯಾನುಗಳು (ವಿದ್ಯುದಾವೇಶವಿರುವ ಪರಮಾಣುಗಳು) ಇರುತ್ತವೆ. ಚಾರ್ಜ್ ಮಾಡುವಾಗ ಅವು ಹೊರಬರುತ್ತವೆ. ಸುಮಾರು 4.2 ವೋಲ್ಟ್ ದಾಟಿದರೆ, ಹಾಳೆಗಳನ್ನು ದೂರವಿರಿಸಿದ್ದ ಅಯಾನುಗಳು ಬಹುತೇಕ ತೆರವಾಗಿ, ಹಾಳೆಗಳು ಪಕ್ಕಕ್ಕೆ ಜಾರಿ ಒತ್ತಾಗಿ ಕೂರುತ್ತವೆ ಮತ್ತು ಸ್ಫಟಿಕದ ಗಾತ್ರ ಸುಮಾರು ಶೇಕಡಾ 23ರಷ್ಟು ಕುಗ್ಗುತ್ತದೆ. ಹೀಗೆ ಮತ್ತೆ ಮತ್ತೆ ಕುಗ್ಗಿ ಹಿಗ್ಗಿದ ಕಣ ಬಿರುಕು ಬಿಡುತ್ತದೆ. ಬಿರುಕಿನೊಳಕ್ಕೆ ಎಲೆಕ್ಟ್ರೊಲೈಟ್ (ಅಯಾನುಗಳನ್ನು ಸಾಗಿಸುವ ದ್ರವ) ನುಗ್ಗಿ ಹೊಸ ಮೇಲ್ಮೈಯೊಡನೆ ವರ್ತಿಸುತ್ತದೆ. ಕೆಲವು ಚೂರುಗಳು ವಿದ್ಯುತ್ ಸಂಪರ್ಕವನ್ನೇ ಕಳೆದುಕೊಂಡು, ಇದ್ದೂ ಇಲ್ಲದಂತಾಗುತ್ತವೆ. ಇದರ ಜೊತೆಗೆ, ಮೂರು ಧನಾವೇಶದ ಮ್ಯಾಂಗನೀಸ್ ತನ್ನ ಸುತ್ತಲಿನ ಆಮ್ಲಜನಕದ ಚೌಕಟ್ಟನ್ನು ಒಂದು ದಿಕ್ಕಿಗೆ ಎಳೆದು ವಿರೂಪಗೊಳಿಸುತ್ತದೆ. ಇದನ್ನೇ ಜಾನ್–ಟೆಲ್ಲರ್ ಪರಿಣಾಮ ಎನ್ನುತ್ತಾರೆ. ಮ್ಯಾಂಗನೀಸಿನ ಒಂದಂಶ ಎಲೆಕ್ಟ್ರೊಲೈಟಿನಲ್ಲಿ ಕರಗಿಯೂ ಹೋಗುತ್ತದೆ.

ಪರಿಹಾರವನ್ನೂ ಬರೆಯಿರಿ. ನಿಕಲ್‌ನ ಒಂದು ಪಾಲಿಗೆ ಬದಲಾಗಿ ಮೆಗ್ನೀಸಿಯಂ ಸೇರಿಸಿದರೆ ಹಾಳೆಗಳು ಜಾರುವುದು ತಗ್ಗುತ್ತದೆ. ಆದರೆ ಮೆಗ್ನೀಸಿಯಂ ತಾನು ಎಲೆಕ್ಟ್ರಾನ್ ಕೊಡುವುದಿಲ್ಲವಾದ್ದರಿಂದ ಆರಂಭದ ಧಾರಣಶಕ್ತಿಯೇ ಸ್ವಲ್ಪ ಇಳಿಯುತ್ತದೆ. ಬಾಳಿಕೆಗಾಗಿ ತೆರುವ ಈ ಬೆಲೆಯನ್ನು ಓದುಗರಿಂದ ಮರೆಮಾಚಬಾರದು.

ಪ್ರತಿ ಆವೃತ್ತಿಯಲ್ಲೂ, ಅಂದರೆ ಒಮ್ಮೆ ಚಾರ್ಜ್ ಮಾಡಿ ಬಳಸಿ ಮುಗಿಸುವಷ್ಟರಲ್ಲಿ, ಧಾರಣಶಕ್ತಿ ಶೇಕಡಾ 99.9ರಷ್ಟು ಉಳಿಯುತ್ತದೆಂದು ಹೊಗಳಿದ್ದೀರಿ. ಲೆಕ್ಕ ಹಾಕಿ ನೋಡಿ: ಸಾವಿರ ಆವೃತ್ತಿಗಳ ಬಳಿಕ ಉಳಿಯುವುದು ಶೇಕಡಾ 37 ಮಾತ್ರ. ಲಿಥಿಯಂ ಬ್ಯಾಟರಿಯ ವಿವರಣೆಯನ್ನು ಹಾಗೆಯೇ ಇಲ್ಲಿಗೆ ತಂದಿರುವುದೂ ಸರಿಯಲ್ಲ; ಲಿಥಿಯಂ ಅಯಾನಿನ ತ್ರಿಜ್ಯ 0.76 ಆಂಗ್‌ಸ್ಟ್ರಾಂ (ಮೀಟರಿನ ಸಾವಿರ ಕೋಟಿಯಲ್ಲಿ ಒಂದು ಪಾಲು), ಸೋಡಿಯಂನದು 1.02; ಗಾತ್ರ ಬೇರೆಯಾದಾಗ ವಿವರಣೆಯೂ ಬೇರೆಯಾಗಬೇಕು.

ಇನ್ನು ನನಗೆ ತುಂಬಾ ಹಿಡಿಸಿದ ಮಾತು. ಎಂ.ಎಸ್ಸಿ. ಓದುವಾಗ ತಯಾರಿಸಿದ ಪದರ ಆಕ್ಸೈಡಿನ ಕಪ್ಪು ಪುಡಿಯನ್ನು ಜುಲೈ ತಿಂಗಳಲ್ಲಿ ಮನೆಗೆ ತಂದು, ಮುಚ್ಚಳ ಸಡಿಲವಿದ್ದ ಬಾಟಲಿಯಲ್ಲಿಟ್ಟಿದ್ದಾಗ ಅದರ ಮೇಲೆ ಬಿಳಿಯ ಪದರ ಕಟ್ಟಿತೆಂದು ಹದಿಮೂರನೆಯ ಪ್ಯಾರಾದಲ್ಲಿ ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿಬಿಟ್ಟಿದ್ದೀರಿ. ಇಂಥ ಅನೇಕ ಪದರ ಆಕ್ಸೈಡುಗಳು ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡಿನೊಡನೆ ವರ್ತಿಸಿ, ಒಳಗಿನ ಸೋಡಿಯಂ ಅನ್ನು ಹೊರಕ್ಕೆ ಬಿಟ್ಟುಕೊಟ್ಟು, ಮೇಲ್ಮೈಯಲ್ಲಿ ಸೋಡಿಯಂ ಹೈಡ್ರಾಕ್ಸೈಡ್ ಮತ್ತು ಕಾರ್ಬೊನೇಟ್ ಆಗಿಸಿಕೊಳ್ಳುತ್ತವೆ. ಅಂದರೆ ಬ್ಯಾಟರಿ ತಯಾರಾಗುವ ಮೊದಲೇ ನಷ್ಟ ಶುರುವಾಗಿರುತ್ತದೆ. ಆವೃತ್ತಿಗಳಿಂದಾಗುವ ನಷ್ಟ ಬೇರೆ, ಇದು ಬೇರೆ ಎಂಬುದನ್ನು ಸ್ಪಷ್ಟಪಡಿಸಿ. ಕಣದಲ್ಲಿ ಒಣಗಿಸಿದ ಪಾರ್ಚ್‌ಮೆಂಟ್ ಕಾಫಿ ಮಳೆಗಾಲದ ತೇವ ಹೀರಿ ಬಣ್ಣಗೆಡುವುದನ್ನು ಬಲ್ಲ ನಮ್ಮ ಓದುಗರು ಆ ಬಾಟಲಿಯನ್ನು ಕೂಡಲೇ ಗುರುತಿಸುತ್ತಾರೆ.

ಹೊಸ ಕರಡನ್ನು ಆ ಬಾಟಲಿಯಿಂದಲೇ ಆರಂಭಿಸಿ, ಎಂಟುನೂರು ಪದಗಳೊಳಗೆ ಮುಗಿಸಿ ಕಳುಹಿಸಿ. ಬಾಟಲಿ ಇನ್ನೂ ಇದ್ದರೆ ಅದರ ಒಂದು ಛಾಯಾಚಿತ್ರವೂ ಜೊತೆಗಿರಲಿ.

ಇತಿ,
ಸಂಪಾದಕ
ಮಡಿಕೇರಿ